ಎಡಗಾಲಿನ ಪಿಂಚಣಿ

ಡಾಕ್ಟ್ರಮ್ಮನ ಹೊಸ ಕಾರಿಗೆ ಕ್ಲಚ್ಚಿಲ್ಲ.
ಮೊದಲ ದಿನ ನನ್ನ ಎಡಗಾಲು
ಬರೀ ಮ್ಯಾಟಿನ ಮೇಲೆ ತಡಕಾಡಿ
ಗೊತ್ತಿಲ್ಲದ ಸ್ಟಾಪಿನಲ್ಲಿ ಇಳಿದವನ ಹಾಗೆ
ಸುಮ್ಮನೆ ನಿಂತಿತು.
"ಅದಕ್ಕಿನ್ನು ಪಿಂಚಣಿ, ಲಿಗೋರಿಯಣ್ಣ" ಅಂದರು ಅವರು.
ನಕ್ಕೆ.

ಇಪ್ಪತ್ತೆರಡು ವರ್ಷ ದುಡಿದ ಕಾಲು.
ಸ್ಟೇಟ್ ಬ್ಯಾಂಕಿನಿಂದ ಕಲ್ಸಂಕ, ಕಲ್ಸಂಕದಿಂದ ಸ್ಟೇಟ್ ಬ್ಯಾಂಕು.
ಒಂದು ನಿಮಿಷ ತಡವಾದರೆ ಹಿಂದಿನ ಬಸ್ಸಿನವನ ಬೈಗುಳ,
ಒಂದು ನಿಮಿಷ ಬೇಗವಾದರೆ ಮುಂದಿನವನದು.
ಬೆನ್ನ ಹಿಂದೆ ಶೀನನ ಸೀಟಿ,
ಒಂದಕ್ಕೆ ನಿಲ್ಲು, ಎರಡಕ್ಕೆ ರೈಟ್ ಪೋಯಿ.
ಅವನು ಊದಲು ಉಸಿರೆಳೆದುಕೊಂಡರೆ ಸಾಕು
ನನ್ನ ಪಾದ ಬ್ರೇಕಿನ ಮೇಲಿರುತ್ತಿತ್ತು.
ಆ ಗದ್ದಲದಲ್ಲಿ ಉಸಿರು ಕೇಳುವುದುಂಟಾ ಎನ್ನಬೇಡಿ.
ಕೇಳುತ್ತಿತ್ತು.

ಈ ಕಾರಿಗೆ ಬಾಯಿ ಜಾಸ್ತಿ.
ಗೆರೆ ಮೆಟ್ಟಿದರೆ ಪೀಂ, ದನ ಕಂಡರೆ ಪೀಂ,
ಮುಕ್ಕದ ಹತ್ತಿರ ಸ್ಕೂಟರಿನವ ಓರೆಯಾಗಿ ನುಗ್ಗಿದರೆ
ತಾನೇ ಬ್ರೇಕು ಹಿಡಿದು ನನ್ನನ್ನು ಗದರುತ್ತದೆ.
ಸ್ಟಿಯರಿಂಗು ಕೈಯೊಳಗೇ ಸಣ್ಣಗೆ ತಿರುಗುವಾಗ
ಯಾರೋ ಕೈಹಿಡಿದು ಅಕ್ಷರ ತಿದ್ದಿಸಿದ ಹಾಗೆ.
ನನಗೆ. ಐವತ್ತೆಂಟಕ್ಕೆ.

ಸುಳ್ಳು ಹೇಳಬಾರದು, ಒಮ್ಮೆ ಉಳಿಸಿದೆ.
ಕೂಳೂರು ಸೇತುವೆ, ರಾತ್ರಿ ಎರಡು ಗಂಟೆ,
ಹೆರಿಗೆ ಕೇಸು ಮುಗಿಸಿ ಹಿಂದೆ ಅವರಿಗೆ ನಿದ್ದೆ,
ಮುಂದೆ ನನಗೂ ಒಂದು ಚಿಟಿಕೆ.
ಪೀಂ ಎಂದಿತು. ಕಣ್ಣು ಬಿಟ್ಟರೆ
ಸೇತುವೆಯ ಕಟ್ಟೆ ಕಿವಿಯ ಪಕ್ಕದಲ್ಲಿ.
ಭಾನುವಾರ ಮಿಲಾಗ್ರಿಸ್ ಇಗರ್ಜಿಯಲ್ಲಿ ಮೇಣದಬತ್ತಿ ಹಚ್ಚಿದೆ.
ಯಾರ ಹೆಸರಲ್ಲಿ ಎಂದು ಪಾದ್ರಿಗಳು ಕೇಳಲಿಲ್ಲ, ಬಚಾವು.

ಆಮೇಲೆ ನಂಬಿದೆ.
ಮೊದಲು ಕಿವಿ ಒರಗಿ ಕೂತಿತು,
ಆಮೇಲೆ ಕಣ್ಣು,
ಬಲಗಾಲು ಯಾವಾಗ ಕೂತಿತೋ ಗೊತ್ತಾಗಲೇ ಇಲ್ಲ.

ಮೇ ತಿಂಗಳ ಸಂಜೆ, ಪಡುಬಿದ್ರಿಯ ಈಚೆ,
ಮುಂದೊಂದು ಮಲ್ಪೆಯ ಮೀನು ಲಾರಿ.
ಐಸು ಕರಗಿದ ಉಪ್ಪುನೀರು ರಸ್ತೆಯುದ್ದಕ್ಕೂ ಚೆಲ್ಲಿ
ನಮ್ಮ ಗಾಜಿಗೆ ಹಾರಿತು, ಒಣಗಿತು.
ಒಳಗಿನ ಕನ್ನಡಿಯ ಬೆನ್ನಿಗಿರುವ ಪುಟ್ಟ ಕ್ಯಾಮರಾ
ಹಳಸಿದ ಬಂಗುಡೆಯ ಕಣ್ಣಿನ ಹಾಗೆ ಬೆಳ್ಳಗಾಯಿತು.
ಒಂದು ಹಳದಿ ದೀಪ ಹತ್ತಿತ್ತಂತೆ. ಸದ್ದಿಲ್ಲದೆ.

ಐಸ್‌ಕ್ಯಾಂಡಿ ಚೀಪುತ್ತಾ ಹುಡುಗನೊಬ್ಬ
ಡಿವೈಡರಿನಿಂದ ಇಳಿದ.
ಕಂಡೆ. ದೇವರಾಣೆ, ಕಂಡೆ.
ಅವನ ಅಂಗಿಗೆ ಎರಡು ಗುಂಡಿ ಇಲ್ಲದ್ದೂ ಕಂಡೆ.
ಕಂಡು, ಕಾದೆ.
ಪೀಂ ಎನ್ನಲಿ ಎಂದು ಕಾದೆ.

ಆಮೇಲೆ ಕಾಲು ಹೋಯಿತು. ಎರಡೂ.
ಎಡಗಾಲು ಇಲ್ಲದ ಕ್ಲಚ್ಚನ್ನು
ನೆಲ ಮುಟ್ಟುವವರೆಗೆ ಒತ್ತಿತು.
ಬಂಪರಿಗೂ ಅವನ ಮೊಣಕಾಲಿಗೂ ನಡುವೆ ಒಂದು ಗೇಣು,
ಬಾನೆಟ್ಟಿನ ಮೇಲೆ ಕ್ಯಾಂಡಿ, ಕೆಂಪಗೆ ಇಳಿಯುತ್ತಾ.
ಹುಡುಗ ಅಳಲಿಲ್ಲ.
"ಇನ್ನೊಂದು ಕೊಡಿಸಿ" ಅಂದ.
ದುಡ್ಡು ಎಣಿಸಲು ನನ್ನ ಕೈ ನಿಲ್ಲಲಿಲ್ಲ,
ಡಾಕ್ಟ್ರಮ್ಮ ಇಳಿದು ಕೊಟ್ಟರು.

ಶೋರೂಮಿನವರು ಗಾಜು ಒರೆಸಿದರು,
ವಯರು ಚುಚ್ಚಿ ಲ್ಯಾಪ್‌ಟಾಪಿನಲ್ಲಿ ನೋಡಿದರು.
"ಎಲ್ಲ ಸರಿ ಉಂಟು, ಗಾಡಿಗೆ ಎಂಥದೂ ಆಗಲಿಲ್ಲ."
ಗಾಡಿಯ ವಿಷಯ ಯಾರು ಕೇಳಿದ್ದು ಮಾರಾಯ.

ಈಗ ರಾತ್ರಿ ನಿದ್ದೆಯಲ್ಲಿ ಒದೆಯುತ್ತೇನಂತೆ.
ಸೆವ್ರಿನ್ ಹೇಳುತ್ತಾಳೆ,
ಎಡಗಾಲು ಮಂಚದ ಹಲಗೆಯನ್ನು
ಒತ್ತುತ್ತದೆ, ಬಿಡುತ್ತದೆ, ಮತ್ತೆ ಒತ್ತುತ್ತದೆ.
ಅವಳಿಗೆ ಹೇಗೆ ಹೇಳುವುದು,
ಮುಲ್ಕಿ ಸ್ಟಾಪು ಹತ್ತಿರ ಬರುತ್ತಿರುತ್ತದೆ,
ಬಸ್ಸು ತುಂಬ ಜನ,
ಶೀನ ಇನ್ನೂ ಊದಿರುವುದಿಲ್ಲ.