ಇಪ್ಪತ್ತೈದು ಗಂಟೆಯ ಭಾನುವಾರ

ಅಕ್ಟೋಬರಿನ ಕೊನೆಯ ಶನಿವಾರ ರಾತ್ರಿ
ಬ್ರಿಟನ್ನಿಗೆ ಬ್ರಿಟನ್ನೇ ಮಲಗಿದ್ದಾಗ
ಯಾರೋ ಗಡಿಯಾರದ ಮುಳ್ಳು ಹಿಡಿದು
ಒಂದು ಗಂಟೆ ಹಿಂದಕ್ಕೆ ಜಗ್ಗುತ್ತಾರೆ.
ಅಪ್ಪನಿಗೆ ಅದು ನೆನಪಿರಲಿಲ್ಲ.

ನೆನಪಿದ್ದದ್ದು ಇಷ್ಟು: ಶಾಲೆಗೆ ವಾರದ ರಜೆ,
ಅದರಲ್ಲಿ ಅವನ ಪಾಲಿಗೆ ಎರಡು ದಿನ,
ಭಾನುವಾರ ಸಂಜೆ ಐದಕ್ಕೆ ಗೇಟ್ಸ್‌ಹೆಡ್ಡಿನಲ್ಲಿ
ಅಮ್ಮನ ಬಾಗಿಲಿಗೆ ನಮ್ಮನ್ನು ಮುಟ್ಟಿಸಬೇಕು.
ಐದೆಂದರೆ ಐದು.
ಹಿಂದಿನ ಸಲ ಐದೂ ಇಪ್ಪತ್ತಾಗಿ
ಹೊಸ್ತಿಲಲ್ಲೇ ಮಾತಿಗೆ ಮಾತು ಬೆಳೆದು
ಕೀರನ್ ಮೆಟ್ಟಿಲ ಮೇಲೆ ಕೂತು
ಶೂ ಲೇಸು ಬಿಚ್ಚಿದ, ಕಟ್ಟಿದ, ಮತ್ತೆ ಬಿಚ್ಚಿದ.

ಕಡಲ ದಂಡೆಯ ಬಾಡಿಗೆ ಕ್ಯಾರವಾನು.
ಸೀಸನ್ ಮುಗಿದಿತ್ತು, ಅರ್ಧಕ್ಕರ್ಧ ರೇಟು.
ಗ್ಯಾಸ್ ಹೀಟರಿನ ಎರಡು ಕೆಂಪು ಗೆರೆ,
ಕಿಟಕಿಯ ಒಳಮೈಗೆ ನಮ್ಮದೇ ಉಸಿರಿನ ನೀರು.
ಬ್ರೆಡ್ ಫ್ಯಾಕ್ಟರಿಯ ರಾತ್ರಿ ಪಾಳಿ ಮುಗಿಸಿ
ಹಾಗೇ ಹೊರಟು ಬಂದಿದ್ದ ಅಪ್ಪ;
ಅವನ ಕೋಟಿಗೆ ಹುದುಗಿನ ವಾಸನೆ.

ಬೆಳಗ್ಗೆ ಎಲ್ಲಿ ಹೋದರೂ ಬಾಗಿಲು ಮುಚ್ಚಿತ್ತು.
ಕೆಫೆ ಮುಚ್ಚಿತ್ತು. ಪತ್ರಿಕೆ ಅಂಗಡಿ ಮುಚ್ಚಿತ್ತು.
"ಊರಿಗೆ ಊರೇ ಸೋಮಾರಿ," ಅಂದ ಅಪ್ಪ,
ಇಗರ್ಜಿಯ ಗಂಟೆಗೂ ಸೇರಿಸಿ ಬೈದ.
ಕೋಟೆಯನ್ನು ಕಾರ್ ಪಾರ್ಕಿನಿಂದ ನೋಡಿದೆವು,
ಅಲ್ಲಿಂದ ನೋಡಿದರೆ ಟಿಕೆಟ್ಟಿಲ್ಲ.
ಕುದುರೆ ಚೆಸ್ಟ್‌ನಟ್ ಮರದಡಿ ಕೀರನ್
ಜೇಬು ಜೋತುಬೀಳುವಷ್ಟು ಕಾಂಕರು ಆರಿಸಿದ,
ಹೊಸ ಶೂನಂತೆ ಮಿರಮಿರ ಕಂದು.

ಬಂದದ್ದು ಮಾತ್ರ ಸೀಲ್ ಮರಿಗಳಿಗಾಗಿ.
ದ್ವೀಪದ ಬಂಡೆಗಳ ಮೇಲೆ ಆ ತಿಂಗಳು
ಬಿಳಿ ತುಪ್ಪಳದ ಸಾವಿರ ಮರಿ, ಎಂದು
ಆಗಸ್ಟಿನಿಂದಲೂ ಹೇಳುತ್ತಿದ್ದ ಅಪ್ಪ.
ಬಂದರಿನ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣ:
ಗಾಳಿ ಜೋರು. ಇವತ್ತು ದೋಣಿ ಇಲ್ಲ.
ಅಪ್ಪ ಅದನ್ನು ಎರಡು ಸಲ ಓದಿದ,
ಎರಡನೆಯ ಸಲ ಬೇರೆ ಏನಾದರೂ ಬರೆದಿರಬಹುದು ಎಂಬಂತೆ.

ಕಾರಿನ ಗಡಿಯಾರ ನಾಲ್ಕು ತೋರಿಸುವಾಗ
ಹೊರಡುವ ಮುಂಚೆ ಚಿಪ್ಸ್ ಕಟ್ಟಿಸಿದ.
"ಬೇಗ ಕೊಡಮ್ಮ, ಐದಕ್ಕೆ ಮನೆ ಸೇರಬೇಕು."
ವಿನೆಗರ್ ಚಿಮುಕಿಸುತ್ತಾ ಆಕೆ ನಕ್ಕಳು:
"ಈಗಿನ್ನೂ ಮೂರು ಕಣಪ್ಪಾ,
ರಾತ್ರಿ ಗಡಿಯಾರ ತಿರುಗಿಸಲಿಲ್ಲವಾ?"

ಅಪ್ಪನ ಮುಖ. ಬೀದಿಯಲ್ಲಿ ನೋಟು ಸಿಕ್ಕವನು
ಅತ್ತಿತ್ತ ನೋಡುತ್ತಾನಲ್ಲ, ಹಾಗೆ.

ಆ ಗಂಟೆಯಲ್ಲಿ ಏನೇನು ಮಾಡಬಹುದಿತ್ತು!
ಅಪ್ಪ ಮರಳದಿಬ್ಬದ ಮರೆಗೆ ಬೆನ್ನು ಕೊಟ್ಟು
"ಐದೇ ನಿಮಿಷ, ಮಾರ್ನಿ" ಅಂದವನೇ
ಬಾಯಿ ತೆರೆದು ನಿದ್ದೆಹೋದ.
ಮಡಿಲಲ್ಲಿ ಚಿಪ್ಸಿನ ಪೊಟ್ಟಣ,
ಅದರ ಮೇಲೆ ಕಾವಲು ಕೈ.
ನನಗೆ ಒಂಬತ್ತು. ಕಡಲಕಾಗೆಗಳನ್ನು ಅಟ್ಟುವ ಕೆಲಸ
ಯಾರೂ ಹೇಳದೆ ನನ್ನದಾಯಿತು.

ಆಗ ಬಂತು ಅದು.
ಅಲೆ ಮುರಿಯುವ ಜಾಗದ ಈಚೆಗೇ
ಒದ್ದೆ ಬೋಡು ತಲೆ, ಮೀಸೆ,
ಕಪ್ಪು ಕಣ್ಣು ನಮ್ಮ ಮೇಲೇ.
ಅಡ್ಡ ಬಿಸಿಲಿಗೆ ನೀರೆಲ್ಲ ತಾಮ್ರ.
ಕೀರನ್ ಕೂಗಲು ಬಾಯಿ ತೆಗೆದ,
ನಾನು ಗಟ್ಟಿಯಾಗಿ ಮುಚ್ಚಿದೆ.
ಅಂಗೈಗೆ ಅವನ ಉಪ್ಪು ತುಟಿ, ಹಲ್ಲು,
ಒಳಗೇ ಗುದ್ದಾಡುತ್ತಿದ್ದ ಕೂಗು.
ಸೀಲ್ ನೋಡಿತು. ಇವರಲ್ಲ ಅನಿಸಿತೇನೋ,
ಮುಳುಗಿತು.

ಅಪ್ಪ ಎದ್ದ. ಕೆನ್ನೆಗೆ ಮರಳು.
"ಏನಾದರೂ ಬಂತಾ?"
"ಇಲ್ಲ," ಅಂದೆ.
ಕೀರನ್ ಕಾಂಕರು ಎಣಿಸುತ್ತಿದ್ದ.

ಸರಿಯಾಗಿ ಐದಕ್ಕೆ ಅಮ್ಮನ ಬಾಗಿಲು.
ಕಾರಿನೊಳಗೆ ಮಾತ್ರ ಆರು.
ಅದನ್ನು ತಿದ್ದುವ ಗುಂಡಿ ಯಾವುದೋ ಅಪ್ಪನಿಗೆ ಗೊತ್ತಿರಲಿಲ್ಲ;
ಮಾರ್ಚಿನವರೆಗೂ ಒಂದು ಗಂಟೆ ಮುಂದೆಯೇ ಓಡಿದ.

ಈಗಲೂ ಆ ಭಾನುವಾರ ಬಂದರೆ
ತಮ್ಮನಿಂದ ಒಂದೇ ಪದದ ಮೆಸೇಜು:
ಹೇಳೋಣವಾ?
ನಾನು ಬರೆಯುತ್ತೇನೆ: ಶ್ಶ್.
ಮಲಗಿದ್ದಾನೆ.