ಭಾವನ ಗುಡ್ಡ

ಬೆಳಿಗ್ಗೆ ಭಾವ ಬಂದಿದ್ದ, ಸುಲುಫು.
ಹೆಗಲ ಮೇಲೆ ಸಲಿಕೆ, ಕಂಕುಳಲ್ಲಿ ಖಾಲಿ ಗೋಣಿ.
"ನನ್ನ ಮಣ್ಣು ಕೊಡು" ಅಂದ.
ನಗುತ್ತಲೇ ಅಂದ, ಆದರೂ
ಹೊಸ್ತಿಲಲ್ಲೇ ನಿಂತಿದ್ದ, ಚಾಪೆಯ ಮೇಲೆ ಕೂರಲಿಲ್ಲ.

ಮಾವ ಸಾಯುವ ಮುಂಚೆ ಪಾಲು ಮಾಡಿದ್ದು ಹೀಗೆ:
ಹಿರಿಯನಿಗೆ ಗುಡ್ಡ, ಹುಲ್ಲು, ಹದಿನಾಲ್ಕು ಡುಬ್ಬದ ದನ.
ಕಿರಿಯನಿಗೆ, ಅಂದರೆ ನನ್ನ ಗಂಡನಿಗೆ,
ಕೆಳಗಿನ ಜೌಗು, ಜೊಂಡು, ಕಪ್ಪೆಗಳ ಗದ್ದಲ.
ಊರು ಬಾಯಿ ತುಂಬ ನಕ್ಕಿತು.

ಆಮೇಲೆ ಗುಡ್ಡ ಬಾಯಿ ತೆರೆಯಿತು.

ಯಾರೂ ಅಗೆದದ್ದಲ್ಲ. ದನ ನಡೆದ ಜಾಡೊಂದರಲ್ಲಿ
ಮಳೆ ಬೆರಳಿಟ್ಟಿತು, ಅಷ್ಟೇ.
ಒಂದು ಮಳೆಗಾಲಕ್ಕೆ ಬೆರಳು, ಮೂರಕ್ಕೆ ಮೊಣಕೈ,
ಈಗ ನಮ್ಮೂರ ಚರ್ಚನ್ನು ಗಂಟೆ ಸಮೇತ ಇಳಿಸಿಡಬಹುದು.
ಹಲಸನ್ನು ಸೀಳಿ ತೊಳೆಯೆಲ್ಲ ಕಿತ್ತ ಮೇಲೆ
ಉಳಿಯುತ್ತದಲ್ಲ, ಆ ಆಕಾರ, ಆದರೆ ಕೆಂಪು.
ಲವಾಕ ಅನ್ನುತ್ತೇವೆ. ತೂತು ಅಂತ ಅರ್ಥ.
ಇಷ್ಟು ದೊಡ್ಡದಾದ ಮೇಲೂ
ಬೇರೆ ಹೆಸರಿಡಲು ಯಾರಿಗೂ ಪುರುಸೊತ್ತಾಗಲಿಲ್ಲ.

ಮಗಳು ಹೈಂಗು ಒಮ್ಮೆ ಒಳಗಿಳಿದು
ಗೋಡೆಯಿಂದ ಒಂದು ಕಲ್ಲು ಕಿತ್ತು ತಂದಳು.
ನೋಡಿದರೆ ಕಲ್ಲೇ: ಬಿಳಿ ಗೆರೆ, ಕಪ್ಪು ಗೆರೆ, ನೇಯ್ದ ಪಟ್ಟೆ.
ಹಿಸುಕಿದರೆ ಬೆಲ್ಲದಂತೆ ಪುಡಿ.
ಮೇಲೆ ದನ ಮೇಯುತ್ತಿದ್ದಾಗ, ದಿಬ್ಬಣ ಹೋಗುತ್ತಿದ್ದಾಗ,
ನೀರು ಹನಿಹನಿಯಾಗಿ ಕೆಳಗಿಳಿದು
ಕಲ್ಲಿನ ಸತ್ವವನ್ನೆಲ್ಲ ನೆಕ್ಕಿ ಹೋಗಿತ್ತು,
ಒಂದು ಗೆರೆಯನ್ನೂ ಅಲುಗಿಸದೆ.
ನನ್ನ ಗಂಡನ ಕಾಯಿಲೆಯೂ ಹಾಗೇ.
ಕೊನೆಯ ದಿನದವರೆಗೂ ಮುಖ ಅದೇ ಮುಖ.

ಮೊದಲು ಬಂದದ್ದು ಮರಳು.
ಮೊಣಕಾಲುದ್ದ, ಒರಟು. ನಾಟಿ ಮಾಡಿದ ಎಂಟು ಮಡಿ
ಉಸಿರೆತ್ತದೆ ಹೂತುಹೋದವು.
ಆಗ ನಾನೂ ಸಲಿಕೆ ಹೊತ್ತು ಗುಡ್ಡ ಹತ್ತಿ
"ನಿನ್ನ ಮರಳು ತಗೋ" ಅನ್ನಬಹುದಿತ್ತು.
ಅನ್ನಲಿಲ್ಲ. ಎರಡು ಚಳಿಗಾಲ ಬುಟ್ಟಿಬುಟ್ಟಿ ಹೊತ್ತು
ಬದುವಿನಾಚೆ ರಾಶಿ ಹಾಕಿದೆ. ಕುತ್ತಿಗೆ ಇನ್ನೂ ಅದನ್ನು ಮರೆತಿಲ್ಲ.
ಮೂರನೆಯ ವರ್ಷ ಬಂದದ್ದು ನಯ, ಗಂಜಿಯಂಥ ಕೆಂಪು.
ಎತ್ತು ಬಿಟ್ಟು ತುಳಿಸಿದೆ. ಭತ್ತ ಸೊಂಟಕ್ಕೆ ಬಂತು.
ಊರು ಈ ಸಲ ನಗಲಿಲ್ಲ, ಸಾಲ ಕೇಳಿತು.

ಮೂಡಣ ಕಡಲಿನ ಮೋಡ
ಕಾಡಿನ ಏಣು ದಾಟಿ ನಮ್ಮ ಮೇಲೆ ಬಂದು ಬೀಳುತ್ತದೆ.
ಬಿದ್ದ ನೀರು ಗುಡ್ಡ ತೊಳೆದು, ಗದ್ದೆ ಹೊಕ್ಕು,
ಅಲೋಟ್ರ ಸರೋವರದಲ್ಲಿ ಸ್ವಲ್ಪ ದಿನ ಕೂತು,
ಮತ್ತೆ ಕಡಲಿಗೇ ಹೋಗುತ್ತದೆ, ತವರಿಗೆ ಹೋಗುವವಳ ಹಾಗೆ,
ಕೈಯಲ್ಲಿ ಏನಾದರೂ ಹಿಡಿದುಕೊಂಡು.
ಕಡಲು ಅವಳನ್ನು ಪ್ರತಿವರ್ಷ ವಾಪಸು ಕಳಿಸಿದೆ.
ಹಿಡಿದು ಹೋದದ್ದನ್ನು ಒಮ್ಮೆಯೂ ಕಳಿಸಿಲ್ಲ.

ಇದನ್ನೆಲ್ಲ ಭಾವನಿಗೆ ಹೇಳಲಿಲ್ಲ.
ಸೀದ ಅನ್ನಕ್ಕೆ ನೀರು ಹಾಕಿ ಕುದಿಸಿ ಕೊಟ್ಟೆ.
ಎರಡು ಗುಟುಕಿನ ನಂತರ ಕೂತ.
ಮೂರನೆಯದಕ್ಕೆ, ಬಂದ ಮಾತು ಬಂತು:
"ಗೋರಿಗೂ ಲವಾಕಕ್ಕೂ ಒಂಬತ್ತು ಹೆಜ್ಜೆ."
ನನ್ನ ಲೆಕ್ಕದಲ್ಲಿ ಹನ್ನೊಂದು; ಅವನ ಕಾಲು ಉದ್ದ.
ಅಲ್ಲಿ ಮಾವ ಇದ್ದಾರೆ, ರೇಷ್ಮೆ ಸುತ್ತಿಕೊಂಡು,
ಅವರ ತಾಯಿ, ಹೆಸರು ಮರೆತುಹೋದ ಐದಾರು ಜನ,
ತುದಿಯಲ್ಲಿ ನನ್ನ ಗಂಡ. ಕಿರಿಯ,
ಅಲ್ಲೂ ಬಾಗಿಲ ಪಕ್ಕದ ಜಾಗ. ಮೊದಲು ಬೀಳುವವನು.

"ಚಳಿಗಾಲಕ್ಕೆ ಅವರನ್ನು ಇಳಿಸಬೇಕು" ಅಂದ,
"ಒಣ ನೆಲ ಬೇಕು. ನಿನ್ನ ಕಡೆ ಎಲ್ಲ ನೀರು."

ಎದ್ದು ಹೋಗಿ ತೋರಿಸಿದೆ,
ಬದುವಿನಾಚೆಯ ದಿಬ್ಬ, ಆಳೆತ್ತರ,
ಈಗ ಮೇಲೆ ಹುಲ್ಲೂ ಹುಟ್ಟಿದೆ.
"ಇದು ಯಾವಾಗಿನಿಂದ?" ಅಂದ.
ಒಂದು ಹಿಡಿ ತೆಗೆದು ಅವನ ಅಂಗೈಗೆ ಸುರಿದೆ.
ಬಿಳಿ, ಒರಟು. ತಿರುತಿರುಗಿಸಿ ನೋಡಿದ,
ದನ ಕಾಯುತ್ತ ಬೆಳೆದವನು, ಗುರುತು ಹತ್ತದೆ ಇರುತ್ತದೆಯೇ?

ಗೋಣಿಯಲ್ಲಿ ಭತ್ತ ತುಂಬಿಸಿಕೊಂಡು ಹೋದ.
ಸಲಿಕೆ ಇಲ್ಲೇ ಇದೆ,
ದಿಬ್ಬದ ಮೇಲೆ, ನೆಟ್ಟಗೆ.