ಕಣ್ಣಂದಾಜು

ಮಧ್ಯಾಹ್ನ ಒಂದಕ್ಕೆ ನಾರಾಯಣ ಪೇಠೆಯ ಅಂಗಡಿಗಳು
ಷಟರ್ ಎಳೆದುಕೊಂಡು ಮಲಗುತ್ತವೆ.
ನಾಲ್ಕರವರೆಗೂ ಪುಣೆಗೆ ಅರ್ಧವಿರಾಮ.
ನನಗೋ ಸಾಲುಸಾಲಿಗೂ ಅದೇ ಚಿಹ್ನೆ,
ಒಂದು ಮರೆತರೆ ಸಾಕು, ವೃತ್ತ ಹುಟ್ಟುವುದಿಲ್ಲ,
ಪರದೆಯ ತುಂಬ ಕೆಂಪು ಬೈಗುಳ.

ಚಿತ್ರ ಬರೆಯುತ್ತೇನೆ ಎಂದರೆ
ಕನ್ನಡದಲ್ಲಿ ಸುಳ್ಳಾಗುವುದಿಲ್ಲ.
ನಿಜಕ್ಕೂ ಬರೆಯುವುದೇ: ಅಂಕಿ, ಅಲ್ಪವಿರಾಮ, ಆವರಣ.
ಮನೆಯೊಡತಿ ಕೇತಕರ್ ಬಾಯಿಯ ಮರಾಠಿಯಲ್ಲಿ
ಚಿತ್ರವನ್ನು ತೆಗೆಯುತ್ತಾರೆ,
ಮೊದಲೇ ಒಳಗೆಲ್ಲೋ ಇದ್ದದ್ದನ್ನು
ಸಂದೂಕದಿಂದ ಸೀರೆ ತೆಗೆದ ಹಾಗೆ.
ಅವರದ್ದೂ ಸರಿಯೇ ಇರಬಹುದು.

ಒಂದು ಚಿತ್ರಕ್ಕೆ ನಲವತ್ತು ರೂಪಾಯಿ.
ಪರಚುರೆ ಸರ್ ಲೆಕ್ಕ ಹೊಸೆದು ಕಳಿಸುತ್ತಾರೆ,
ನಾನು ಅದಕ್ಕೊಂದು ಮೈ ಕೊಡುತ್ತೇನೆ,
ಎಲ್ಲೆಲ್ಲಿಯೋ ಮಕ್ಕಳು ಮೊಬೈಲಿನಲ್ಲಿ ತೆರೆದು
ಪೆನ್ಸಿಲು ಕಚ್ಚುತ್ತಾರೆ.

ಕಷ್ಟದ್ದು ಯಾವುದು ಗೊತ್ತೇ? ಸುಮ್ಮನೆ ಒಂದು ತ್ರಿಭುಜ.
ಸಮಬಾಹುವಲ್ಲ, ಲಂಬಕೋನವಿಲ್ಲ,
ಯಾವ ಮನೆತನಕ್ಕೂ ಸೇರದ್ದು.
ಮೈಮರೆತರೆ ಬೆರಳು ಸಮದ ಕಡೆಗೇ ಜಾರುತ್ತದೆ,
ನೋಡಿದ ಹುಡುಗರು ಇಲ್ಲದ ಸಮಾನತೆಯನ್ನು
ನಂಬಿ ಕೆಡುತ್ತಾರೆ.
ಅದಕ್ಕೇ ಶೃಂಗವನ್ನು ಒಂಚೂರು ಎಡಕ್ಕೆ ತಳ್ಳುತ್ತೇನೆ,
ಎರಡು ದಶಾಂಶ ಮೂರು. ಹಾಂ, ಇನ್ನು ನೀನು ಯಾರೂ ಅಲ್ಲ.

ಆಮೇಲೆ ಹೆಸರಿಡುವ ಶಾಸ್ತ್ರ.
ಎ ವಾಯವ್ಯಕ್ಕೆ, ಬಿ ನೈರುತ್ಯಕ್ಕೆ,
ಸಿ ಆಗ್ನೇಯಕ್ಕೆ ಕೂರಬೇಕು, ಗೆರೆ ತುಳಿಯಬಾರದು.
ವಾಸ್ತು ನಂಬದ ನಾನು
ದಿನವಿಡೀ ದಿಕ್ಕು ನೋಡುತ್ತೇನೆ.

ಆಷಾಢದ ಒಂದು ಮಂಗಳವಾರ ಪತ್ರ ಬಂತು,
ಇರ್ಫಾನ್ ಮುಜಾವರ, ಹತ್ತನೇ ತರಗತಿ, ಅಂಧರ ಶಾಲೆ.
ಮೇಡಂ, ಚಿತ್ರ ನನಗೆ ಬೇಡ,
ನೀವು ಬರೆದ ಬರಹ ಕೊಡಿ,
ಕಂಪ್ಯೂಟರು ಓದಿ ಹೇಳುತ್ತದೆ.
ಕೊಟ್ಟೆ. ಅಂಗಿಯ ಒಳಹೊಲಿಗೆ ತೋರಿಸಿದಷ್ಟು ನಾಚಿಕೆ.
ಅವಸರದ ಸಾಲುಗಳು, ಅಡ್ಡಹೆಸರಿನ ಬಿಂದುಗಳು,
ಒಂದಕ್ಕೆ ಬೆಕ್ಕು ಅಂತ ಹೆಸರಿಟ್ಟಿದ್ದೆ.

ಮೂರೇ ದಿನಕ್ಕೆ ಉತ್ತರ:
ಹನ್ನೊಂದನೇ ಸಾಲು, ಮೇಡಂ.
ಕೇಂದ್ರ ಮೂರು, ಎರಡು. ತ್ರಿಜ್ಯ ಎರಡೂವರೆ.
ನಿಮ್ಮ ಟೀ ಐದು ದಶಾಂಶ ನಾಲ್ಕು, ಎರಡು ದಶಾಂಶ ಎಂಟು.
ಅದು ವೃತ್ತದ ಮೇಲಿಲ್ಲ, ಹೊರಗೆ ನಿಂತಿದೆ.
ಏಳು ಮಾಡಿ, ಒಳಗೆ ಬರುತ್ತದೆ
ಎಂದಲ್ಲ, ಸರಿಯಾಗಿ ಗೆರೆಯ ಮೇಲೆ.
ಮತ್ತೆ, ಬೆಕ್ಕು ಯಾರು?

ಕೂಡಿ ಕಳೆದು ನೋಡಿದೆ. ಅವನು ಹೇಳಿದ್ದೇ ಸರಿ.
ಆ ಚುಕ್ಕೆಯ ದಪ್ಪದ ಕೆಳಗೆ ತಪ್ಪು
ಎರಡು ವರ್ಷ ಬೆಚ್ಚಗೆ ಮಲಗಿತ್ತು.
ಸಾವಿರಾರು ಜನ ನೋಡಿದ್ದರು.
ಪರಚುರೆ ಸರ್ ಭೂತಗನ್ನಡಿ ಹಿಡಿದು
ಭಲೇ ಅಂದಿದ್ದರು.
ನಾನಂತೂ ಕಣ್ಣಂದಾಜಿನಲ್ಲಿ ಇಟ್ಟಿದ್ದೆ, ಒಪ್ಪಿಕೊಳ್ಳುತ್ತೇನೆ,
ಗಂಟೆ ಮೂರೂಮುಕ್ಕಾಲಾಗಿತ್ತು,
ಕೆಳಗೆ ಬೈಂಡಿಂಗ್ ಅಂಗಡಿಯ ಷಟರ್ ಗಡಗಡ ಏಳುತ್ತಿತ್ತು.

ಎಂಟನ್ನು ಅಳಿಸಿ ಏಳು ಮಾಡಿದೆ.
ಪರದೆಯ ಮೇಲೆ ಏನೂ ಬದಲಾಗಲಿಲ್ಲ.

ಈಗ ಪ್ರತಿ ಸಾಲಿನ ಪಕ್ಕ ಅವನಿಗೊಂದು ಮಾತು ಬರೆಯುತ್ತೇನೆ,
ಯಂತ್ರ ದಾಟಿಹೋಗುವ, ಚಿತ್ರಕ್ಕೆ ಬಾರದ ಮಾತು:
ಇಲ್ಲಿಂದ ಸ್ಪರ್ಶಕ ಹೊರಡುತ್ತದೆ, ಬಲಕ್ಕೆ, ಇಳಿಜಾರು.
ನಲವತ್ತಕ್ಕೆ ಇಷ್ಟೆಲ್ಲ ಯಾಕೆ ಎಂದರು ಸರ್.
ನನ್ನ ಬಳಿ ಉತ್ತರವಿರಲಿಲ್ಲ, ಚಹಾ ಕೊಟ್ಟೆ.

ನಿನ್ನೆ ರಾತ್ರಿ ದೀಪ ಆರಿಸಿ, ಕಣ್ಣು ಮುಚ್ಚಿ,
ನನ್ನದೇ ಬರಹವನ್ನು ಯಂತ್ರದಿಂದ ಓದಿಸಿದೆ.
ಏರಿಳಿತವಿಲ್ಲದ ದನಿ, ಅಂಕಿಯ ಮೇಲೆ ಅಂಕಿ.
ಎ ಸಿಕ್ಕಿತು. ಬಿ ಸಿಕ್ಕಿತು.
ವೃತ್ತ ಅರ್ಧದವರೆಗೆ ಬಾಗಿತು,
ನಾಲ್ಕನೇ ಸಾಲಿಗೆ ಬಿ ಎಲ್ಲಿತ್ತೆಂದೇ ಮರೆಯಿತು.
ಕತ್ತಲಲ್ಲಿ ತಡವರಿಸಿ ಗುಂಡಿ ಒತ್ತಿದೆ,
ಮತ್ತೆ ಮೊದಲಿನಿಂದ:
ಸೊನ್ನೆ, ಸೊನ್ನೆ.